ಶೆಡ್ಡಿನ ಮಾತು

ನನಗೆ ಸಂಬಳ ಕೊಡುವುದು ಮಾತಾಡುವುದಕ್ಕೆ. ಸರಿಯಾಗಿ ಹೇಳಬೇಕೆಂದರೆ, ಕ್ಷಮೆ ಕೇಳುವುದಕ್ಕೆ. ಫ್ರಿಜ್ಜು ತಣ್ಣಗಾಗದವರು, ಬಾಗಿಲು ಮುಚ್ಚಲಾಗದವರು, ಒಳಗಿಟ್ಟ ಹಾಲು ಒಡೆದವರು ಫೋನು ಮಾಡಿ ಬೈಯುತ್ತಾರೆ. ನಾನು ಕಣ್ಣಾರೆ ಕಂಡಿರದ ಫ್ರಿಜ್ಜಿನ ಪರವಾಗಿ ತಲೆತಗ್ಗಿಸುತ್ತೇನೆ. ಸಂಜೆ ಮನೆ ಸೇರುವ ಹೊತ್ತಿಗೆ ನನ್ನ ಬಾಯಿ ಊಟಕ್ಕೆ ಬಿಟ್ಟರೆ ಬೇರೇನಕ್ಕೂ ತೆರೆಯುವುದಿಲ್ಲ. ಮನೆ ಅಕ್ಕನದು. ಮುಂದಿನ ಕೋಣೆ ನನ್ನದು. ಬಾಡಿಗೆ ಹಂಚಿಕೊಳ್ಳುತ್ತೇನೆಂದು ದೊಡ್ಡ ಮನಸ್ಸು ಮಾಡಿ ಬಂದವನು, ಹೆಚ್ಚಾಗಿ ಹಂಚಿಕೊಳ್ಳುತ್ತಿರುವುದು ಅವಳು ಮಾಡಿಟ್ಟ ಅಡುಗೆಯನ್ನು.

ಅಕ್ಕನ ಕೆಲಸದಲ್ಲಿ ಮಾತಿಗೆ ಜಾಗವೇ ಇಲ್ಲ. ಅವಳು ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ನೇಯುತ್ತಾಳೆ. ಗೋಡೆಯಿಂದ ಗೋಡೆಗೆ ಮಗ್ಗಗಳು, ಬಿಡುವಿಲ್ಲದೆ ಅತ್ತಿಂದಿತ್ತ ಬಡಿಯುವ ಲಾಳಿಗಳು. ಅಲ್ಲಿ ಸಿಡಿಲು ಬಡಿದರೂ ಸುಟ್ಟ ವಾಸನೆ ಬಂದಮೇಲೇ ಗೊತ್ತಾಗಬೇಕು. ಒಮ್ಮೆ ಅವಳು ಮರೆತ ಊಟದ ಡಬ್ಬಿ ಕೊಡಲು ಹೋಗಿ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಂತೆ. ಒಳಗಿನ ಹೆಂಗಸರು ಮಾತ್ರ ಆರಾಮಾಗಿ ಹರಟುತ್ತಿದ್ದರು. ದನಿಯಿಂದಲ್ಲ, ತುಟಿಯಿಂದ. ಬಾಯಗಲಿಸಿ, ಹಲ್ಲು ಕಾಣಿಸಿ, ಕೆನ್ನೆ ಕುಣಿಸಿ, ಒಂದೊಂದು ಮಾತನ್ನೂ ಮುಖದ ಮೇಲೆ ತಿದ್ದಿ ಬರೆದ ಹಾಗೆ ಆಡುತ್ತಾರೆ, ಗಂಟಲಿಗೆ ರಜೆ. ಸಾಲಿನಾಚೆಯವಳು ಎಳೆ ಕಡಿದಿದೆ ಎಂದು ತುಟಿಯಲ್ಲಾಡಿಸಿದರೆ, ಈಚೆಯವಳು ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾಳೆ. ನನ್ನನ್ನು ನೋಡಿ ಒಬ್ಬಳು ಏನೋ ಅಂದಳು, ಸಾಲಿಗೆ ಸಾಲೇ ನಕ್ಕಿತು. ಏನಂತೆ ಎಂದು ಆಮೇಲೆ ಅಕ್ಕನನ್ನು ಕೇಳಿದೆ. ನಿನ್ನ ತಮ್ಮ ಒಣಗೋಕೆ ಹಾಕಿದ ಶರ್ಟಿನ ಹಾಗಿದ್ದಾನೆ ಅಂದಳಂತೆ.

ಭಾವ ದೂರದಲ್ಲಿ ಸೇತುವೆ ಕಟ್ಟುವ ಕೆಲಸದಲ್ಲಿದ್ದಾನೆ. ಬಂದರೆ ಬಂದ, ಇಲ್ಲದಿದ್ದರೆ ಫೋನು. ಮಕ್ಕಳಿಬ್ಬರು. ದೊಡ್ಡವಳು ಒಂದನೇ ಕ್ಲಾಸು, ಮನೆಯಲ್ಲಿ ಅವಳ ಹೆಸರು ರೇಡಿಯೊ. ಅವಳು ಹುಟ್ಟಿದಾಗ ನಮ್ಮಮ್ಮ ಬದುಕಿದ್ದಳು, ಬೆಳಗಿಂದ ಸಂಜೆವರೆಗೆ ಮೊಮ್ಮಗಳ ಜೊತೆ ವಟಗುಟ್ಟಿ ಮಾತು ಕಲಿಸಿದಳು. ಚಿಕ್ಕವನು ಚೋಟ. ಅವನ ಪಾಲಿಗೆ ಅಜ್ಜಿ ಇರಲಿಲ್ಲ. ಶೆಡ್ಡಿಗೆ ಅಂಟಿಕೊಂಡ ಮಕ್ಕಳ ಕೋಣೆಯಲ್ಲಿ, ಮಗ್ಗದ ಸದ್ದಿಗೆ ನಡುಗುವ ಗೋಡೆಯ ಪಕ್ಕದಲ್ಲಿ ಬೆಳೆದ. ಅಲ್ಲಿನ ಆಯಾ ಕೂಡ ಕಣ್ಣು ಮಂಜಾಗುವವರೆಗೆ ನೇಯ್ದವಳೇ, ಅವಳ ಮಾತೂ ತುಟಿಯದೇ.

ಅಕ್ಕನ ಸುಖವೆಲ್ಲ ಈ ಇಬ್ಬರಲ್ಲಿತ್ತು, ಅದನ್ನವಳು ಮುಚ್ಚಿಟ್ಟವಳೂ ಅಲ್ಲ. ಪಾಳಿ ಮುಗಿಸಿ ಬಂದು ಹೊಸ್ತಿಲ ಮೇಲೆ ಕೂತರೆ ಚೋಟ ಅವಳ ಬೆನ್ನಿಗೆ ಜೋತುಬಿದ್ದು ಕೂದಲಿನಿಂದ ನೂಲಿನ ಜುಂಗು ಹೆಕ್ಕುತ್ತಾನೆ. ರೇಡಿಯೊ ಆ ಜುಂಗನ್ನೆಲ್ಲ ಸೇರಿಸಿ ಬೆಕ್ಕು ಮಾಡುತ್ತಾಳೆ. ಬೆಕ್ಕಿಗೆ ಕಾಲು ಎಷ್ಟಿರಬೇಕೆಂದು ಜಗಳ. ಸ್ನಾನದ ಮನೆಯಲ್ಲಿ ಸೋಪು ಕೈಜಾರಿದರೆ ಮೂವರೂ ಬೇಟೆಗಿಳಿಯುತ್ತಾರೆ, ನನ್ನ ಕೋಣೆಯವರೆಗೆ ನೀರು. ಎಲ್ಲಕ್ಕಿಂತ ಹೆಚ್ಚಿನ ಖುಷಿ ತುಟಿಮಾತಿನದು. ಶಾಲೆಯ ಗೇಟಿನಾಚೆಯಿಂದ ರೇಡಿಯೊ ಪೆನ್ಸಿಲ್ ಮರೆತೆ ಎಂದರೆ ರಸ್ತೆಯ ಈಚೆಗೆ ಅಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ. ಕಿಕ್ಕಿರಿದ ಬಸ್ಸಿನಲ್ಲಿ ಚೋಟ ಅವಳ ಮುಖಕ್ಕೆ ಮುಖ ಕೊಟ್ಟು ಎದುರಿನ ಬೋಳುತಲೆಯ ಬಗ್ಗೆ ವರದಿ ಕೊಡುತ್ತಾನೆ, ತಾಯಿಮಗ ಇಬ್ಬರೂ ಕುಲುಕಿ ಕುಲುಕಿ ನಗುತ್ತಾರೆ. ಅದೊಂದು ಆಟ ಅಂದುಕೊಂಡಿದ್ದೆ.

ಮನೆಯಲ್ಲೂ ಅದೇ ಮಾತು ಬಂದದ್ದಕ್ಕೆ ಒಂದು ಕಾರಣವಿತ್ತು. ಬರುಬರುತ್ತಾ ಅಕ್ಕನ ದನಿ ಜೋರಾಗಿತ್ತು. ಅನ್ನಕ್ಕೆ ಕರೆದರೆ ಬೆಂಕಿ ಬಿದ್ದ ಹಾಗೆ ಕೇಳುತ್ತಿತ್ತು. ಮೇಲಿನ ಮನೆಯ ಓನರಮ್ಮ ಇಳಿದು ಬಂದು, ಯಾಕಮ್ಮಾ ಹೀಗೆ ಕಿರುಚ್ತೀಯ, ಮಕ್ಕಳು ಹೆದರಲ್ವಾ ಎಂದು ಕೇಳಿಹೋದಳು. ಅಕ್ಕನಿಗೆ ನಾಚಿಕೆಯಾಯಿತು. ಅಂದಿನಿಂದ ಮಕ್ಕಳ ಜೊತೆ ಮನೆಯೊಳಗೂ ತುಟಿ ಮಾತ್ರ. ನನಗೋ, ಕಿವಿಗೆ ಹಿತವಾಗಿತ್ತು. ದಿನವಿಡೀ ಬೈಗುಳ ಕೇಳುವವನಿಗೆ ಸದ್ದಿಲ್ಲದ ಮನೆ ಸ್ವರ್ಗ.

ಚೋಟ ಅತ್ತರೆ ಬೀದಿಗೇ ಕೇಳುತ್ತಿತ್ತು, ನಕ್ಕರೂ ಅಷ್ಟೇ. ಮಾತು ಮಾತ್ರ ನಾನು ಕೇಳಿರಲಿಲ್ಲ. ಗಂಡುಮಕ್ಕಳಿಗೆ ಮಾತು ತಡ ಎಂದು ಎಲ್ಲರೂ ಅನ್ನುತ್ತಿದ್ದರು. ಅಕ್ಕ ಮಾತ್ರ ಅವನು ಆಡಿದ್ದನ್ನು ದಿನಾ ಬಂದು ಹೇಳುತ್ತಿದ್ದಳು. ನನ್ನ ಅಂಗಿಯ ಗುಂಡಿ ಕಿತ್ತದ್ದು ನೋಡಿ, ಮಾವನ ಅಂಗಿಗೆ ಹಲ್ಲು ಬಿದ್ದಿದೆ ಅಂದನಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ. ಅವನಿಗೆ ಮೂರು ತುಂಬುತ್ತಾ ಬಂದಿತ್ತು.

ಒಂದು ಭಾನುವಾರ ಮಧ್ಯಾಹ್ನ ಭಾವನ ಫೋನು ಬಂತು. ಫೋನಿನ ದನಿ ಸಣ್ಣದು ಎಂಬುದು ಅಕ್ಕನ ಹಳೆಯ ದೂರು; ಭಾವನ ಮಾತು ಅವಳಿಗೆ ದಾಟಿಸುವವನು ನಾನು. ಅವಳು ಫೋನನ್ನು ಚೋಟನ ಬಾಯಿಗೆ ಹಿಡಿದು, ಅವನ ಮುಖ ನೋಡುತ್ತಾ, ಹೇಳು ಹೇಳು ಎಂದು ಹುರಿದುಂಬಿಸಿದಳು. ಆಮೇಲೆ ಮುಖವರಳಿಸಿ, “ಕೇಳಿಸ್ತಾ? ಯಾವಾಗ ಬರ್ತೀಯಪ್ಪಾ ಅಂತ ಕೇಳ್ತಿದ್ದಾನೆ” ಎಂದಳು.

“ಏನೂ ಕೇಳಿಸಲಿಲ್ಲ ಕಣೆ, ಬರೀ ಉಸಿರು ಬರ್ತಿದೆ” ಎಂದ ಭಾವ ಸ್ಪೀಕರಿನಲ್ಲಿ. ನಾನು ಅದನ್ನು ಅವಳಿಗೆ ದಾಟಿಸಿದೆ.

ಇನ್ನೊಮ್ಮೆ ಹೇಳಿಸಿದಳು. ಆಗಲೂ ಉಸಿರು. ಫೋನು ಕೆಟ್ಟಿದೆ ನೋಡೋ ಎಂದು ನನಗೆ ಕೊಟ್ಟಳು. ಕೆಟ್ಟ ವಸ್ತುಗಳ ಬಗ್ಗೆ ನಾನು ಮನೆಗೇ ದೊಡ್ಡ ಪಂಡಿತನಲ್ಲವೇ? ಆಮೇಲೆ ಮಾಡುತ್ತೇನೆಂದು ಭಾವನಿಗೆ ಹೇಳಿ ಫೋನಿಟ್ಟು ಚೋಟನ ಮುಂದೆ ಕುಕ್ಕರಗಾಲಲ್ಲಿ ಕೂತು, ಏನಂದೆ ಇನ್ನೊಂದ್ಸಲ ಹೇಳೋ ಎಂದೆ. ಅವನು ಹೇಳಿದ. ತುಟಿಗಳು ಕೂಡಿದವು, ಬಿಟ್ಟವು, ಅಗಲವಾದವು. ಅಪ್ಪಾ, ಯಾವಾಗ ಬರ್ತೀಯ. ನನ್ನಂಥವನಿಗೂ ಓದಲು ಬರುವಷ್ಟು ಸ್ಪಷ್ಟ. ದನಿ ಮಾತ್ರ ಎಳ್ಳಷ್ಟೂ ಇರಲಿಲ್ಲ. ನಾನೇ ಕಿವುಡನಾದೆನೋ ಎಂದು ಗಾಬರಿಯಾಯಿತು. ಗೋಡೆಯ ಗಡಿಯಾರ ಟಿಕ್‌ಟಿಕ್ ಅನ್ನುತ್ತಿದ್ದದ್ದು ಕೇಳುತ್ತಿತ್ತು.

“ಅಕ್ಕಾ, ಇವನು ದನಿನೇ ತೆಗೀತಿಲ್ಲ.”

“ನಿಂಗೆಲ್ಲೋ ತಲೆ ಕೆಟ್ಟಿದೆ. ಈಗ ತಾನೇ ಅಂದನಲ್ಲ, ನನ್ನ ಕಿವಿಯಾರೆ ಕೇಳಿದೆ.”

ಅವಳ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆ. ಈಗ ಮಕ್ಕಳು ಏನಾದರೂ ಅನ್ನುತ್ತಾರೆ, ಏನಂದರು ಹೇಳು ಎಂದು ಅವಳ ಕಿವಿಯ ಹತ್ತಿರ ಕೂಗಿ ಹೇಳಿದೆ. ರೇಡಿಯೊಗೆ ಸನ್ನೆ ಮಾಡಿದೆ. ಅಮ್ಮಾ, ನಂಗೆ ಹಸಿವಾಗ್ತಿದೆ ಎಂದಳು ಅವಳು, ಅವಳ ಮಾಮೂಲಿ ದನಿಯಲ್ಲೇ. ಅಕ್ಕ ಗೋಡೆ ನೋಡುತ್ತಾ ನಿಂತಿದ್ದಳು. ರೇಡಿಯೊ ಇನ್ನೊಮ್ಮೆ ಅಂದಳು. ಅಕ್ಕ ತಾಳ್ಮೆಯಿಂದ ಕಾದಳು. ಕೊನೆಗೆ ತಿರುಗದೆಯೇ ಕೇಳಿದಳು:

“ಹೇಳೋಕೆ ಹೇಳೋ ಅವರಿಗೆ. ಎಷ್ಟು ಹೊತ್ತು ನಿಂತಿರ್ಲಿ?”

ಕಿವಿಯ ಡಾಕ್ಟರು ನಮ್ಮ ಅಕ್ಕನಿಗಿಂತ ಚಿಕ್ಕ ವಯಸ್ಸಿನವರು. ಮಗುವಿನ ಕಿವಿ ಚೆನ್ನಾಗಿದೆ, ತಾಯಿಯದು ಮಗ್ಗಕ್ಕೆ ಹೋಗಿದೆ ಎಂದರು. ಹೋದದ್ದು ವಾಪಸ್ ಬರುವುದಿಲ್ಲ. ಅಕ್ಕ ಅವರ ತುಟಿಯನ್ನೇ ನೋಡುತ್ತಾ, ಹಾಗಾದರೆ ಇಷ್ಟು ದಿನ ನಾನು ಕೇಳಿಸಿಕೊಂಡದ್ದು ಏನು ಎಂದು ಕೇಳಿದಳು.

“ನೀವು ನೋಡಿದ್ದು, ಅಮ್ಮಾ” ಎಂದರು ಡಾಕ್ಟರು. “ಕೇಳಿಸಿಕೊಂಡಿದ್ದಲ್ಲ.”

ಮಾತೆಂದರೆ ತುಟಿ ಆಡಿಸುವುದು ಎಂದೇ ಮಗು ಕಲಿತಿದೆ, ಶಾಲೆಗೆ ಸೇರುವುದರೊಳಗೆ ದನಿ ಕೂಡಿಸದಿದ್ದರೆ ಆಮೇಲೆ ಕಷ್ಟ ಎಂದೂ ಹೇಳಿದರು. ಶೆಡ್ಡಿನ ಆ ಮಕ್ಕಳ ಕೋಣೆಯಿಂದ ಬಿಡಿಸಬೇಕು, ದನಿಯಿರುವ ಮನೆಯಲ್ಲಿಡಬೇಕು. ಬರೀ ತುಟಿಯಲ್ಲಿ ಕೇಳಿದರೆ ತಾಯಿ ಉತ್ತರ ಕೊಡಕೂಡದು. ಅಕ್ಕನಿಗೆ ಕಿವಿಗೆ ಹಾಕುವ ಮಿಷನ್ನೂ ಸಿಕ್ಕಿತು. ಅದು ಪಾತ್ರೆ ಬಿದ್ದದ್ದನ್ನು ತಲೆಯೊಳಗೇ ಬಿದ್ದ ಹಾಗೆ ಕೇಳಿಸುತ್ತಿತ್ತು, ಮಗುವಿನ ಮಾತನ್ನು ಬರೀ ಗುಂಯ್ ಅನ್ನಿಸುತ್ತಿತ್ತು. ಈಗ ಅದು ಡಬ್ಬಿಯಲ್ಲಿದೆ. ಶೆಡ್ಡಿನಲ್ಲಿ ಅಕ್ಕ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾಳೆ; ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಬಟ್ಟೆ ಮಡಿಸುವ ಕಡೆ ಹಾಕಿ ಎಂದು ಮೇಸ್ತ್ರಿಯನ್ನು ಕೇಳಿದ್ದಾಳೆ. ನೋಡೋಣ ಅಂದಿದ್ದಾನಂತೆ. ಅವನ ‘ನೋಡೋಣ’ ಎಂಥದ್ದು ಎಂಬುದು ನನಗೆ ಗೊತ್ತು, ನಾನೂ ದಿನವಿಡೀ ಅದನ್ನೇ ಹೇಳುತ್ತೇನೆ.

ಓನರಮ್ಮ ತಾನಾಗಿಯೇ ಚೋಟನನ್ನು ಹಗಲು ಮೇಲೆ ಕರೆದುಕೊಂಡಳು. ಸಂಜೆ ನನ್ನ ಸರದಿ. ಮಕ್ಕಳ ಜೊತೆ ಏನು ಮಾತಾಡಬೇಕೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಆಡಿದೆ. ಅಕ್ಕನ ಪಾಲಿಗೆ ಬಂದದ್ದು ಇದಕ್ಕಿಂತ ಕಷ್ಟದ್ದು.

ಚೋಟ ಬಂದು ಅವಳ ಸೆರಗು ಜಗ್ಗಿ ತುಟಿಯಲ್ಲಿ ನೀರು ಕೇಳುತ್ತಾನೆ. ಅವಳಿಗೆ ಅರ್ಥವಾಗಿದೆ, ಕೈ ಆಗಲೇ ಲೋಟದ ಕಡೆ ಹೋಗಿದೆ. ಕೈಯನ್ನು ಹಿಂದಕ್ಕೆಳೆದುಕೊಂಡು ಮುಖ ತಿರುಗಿಸುತ್ತಾಳೆ. ಅವನು ಆ ಕಡೆ ಓಡಿಬಂದು ಇನ್ನೂ ಅಗಲವಾಗಿ ಬಾಯಿ ಬಿಡಿಸಿ ಕೇಳುತ್ತಾನೆ. ಎರಡೂ ಕೈಯಿಂದ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ಆಗವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ದನಿ ಬಂದರೂ ಅವಳಿಗೆ ಗೊತ್ತಾಗದು. ಅದಕ್ಕೆ ರೇಡಿಯೊ ಪಕ್ಕದಲ್ಲಿ ನಿಂತಿರಬೇಕು, ಬಂದ ತಕ್ಷಣ ಅಮ್ಮನ ತೋಳು ತಟ್ಟಬೇಕು. ಎಷ್ಟೋ ಸಂಜೆ ತಟ್ಟುವಂಥದ್ದೇನೂ ಬರಲಿಲ್ಲ. ಚೋಟ ಅತ್ತು ಅತ್ತು ಬಾಯಾರಿ ನನ್ನ ಬಳಿ ಬರುತ್ತಿದ್ದ. ನಾನು ಡಾಕ್ಟರಿಗೂ ಅಕ್ಕನಿಗೂ ಗೊತ್ತಾಗದ ಹಾಗೆ ನೀರು ಕುಡಿಸುತ್ತಿದ್ದೆ. ಒಂದು ದಿನ ಅಕ್ಕ ಅಡುಗೆ ಕಟ್ಟೆ ಒರೆಸುತ್ತಾ, ಯಾರ ಕಡೆಗೂ ನೋಡದೆ ಅಂದಳು:

“ಮೊಲೆ ಬಿಡಿಸುವಾಗಲೂ ಇಷ್ಟು ಕಷ್ಟ ಆಗಿರ್ಲಿಲ್ಲ.”

ಕೊನೆಗೊಮ್ಮೆ ಚೆಂಡು ಮಂಚದಡಿ ಉರುಳಿದಾಗ, ಎಣ್ಣೆ ಕಾಣದ ಬಾಗಿಲಿನಂಥ ದನಿಯೊಂದು ಚೆಂಡು ಎಂದಿತು. ರೇಡಿಯೊ ಅಮ್ಮನ ತೋಳನ್ನು ಹೊಡೆದಂತೆಯೇ ತಟ್ಟಿದಳು. ಅಕ್ಕ ಚೋಟನ ಕುತ್ತಿಗೆಯ ಮೇಲೆ ಅಂಗೈಯಿಟ್ಟು ಮತ್ತೆ ಹೇಳಿಸಿದಳು, ಮತ್ತೆ, ಮತ್ತೆ. ದನಿ ಅಂಗೈಗೆ ತಾಗುತ್ತಿತ್ತು. ಚೆಂಡನ್ನು ತೆಗೆದುಕೊಡಬೇಕೆಂಬುದು ಯಾರಿಗೂ ನೆನಪಾಗಲಿಲ್ಲ.

ಆಮೇಲೆ ತಡವಾಗಲಿಲ್ಲ. ನನ್ನ ಶಿಷ್ಯನಾದ ಫಲವಾಗಿ ಅವನು ಓನರಮ್ಮನ ಲೋಟ ಒಡೆದು, ನಿಮಗಾದ ತೊಂದರೆಗೆ ಕ್ಷಮೆಯಿರಲಿ ಎಂದನಂತೆ. ಬೀದಿಯಲ್ಲಿ ಅವನ ಜೊತೆ ನನಗೂ ಹೆಸರು ಬಂತು.

ಆದರೆ ದನಿ ಬಂದವನಿಗೆ ಎದುರಿನವರ ಮುಖ ಬೇಕಿಲ್ಲ. ಅವನೀಗ ಬಾಗಿಲ ಹಿಂದಿನಿಂದ ಮಾತಾಡುತ್ತಾನೆ, ಮಂಚದ ಕೆಳಗಿನಿಂದ, ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು, ಓಡುತ್ತಾ. ತುಟಿ ಸೋಮಾರಿಯಾಗಿದೆ, ನಮ್ಮೆಲ್ಲರ ತುಟಿಯ ಹಾಗೆ. ಅಕ್ಕನಿಗೆ ಕಾಣುವುದು ಅವನ ಹಿಂದಲೆ. ಏನಂದ ಎಂದು ರೇಡಿಯೊನ ಕೇಳುತ್ತಾಳೆ. ಮೊದಮೊದಲು ಅವಳು ಪೂರ್ತಿ ಹೇಳುತ್ತಿದ್ದಳು. ಈಗ ಆಟದ ಅವಸರ. ಏನಿಲ್ಲಮ್ಮ, ಸುಮ್ನೆ ಎಂದುಬಿಡುತ್ತಾಳೆ. ನಾವೆಲ್ಲ ಅವನ ಮಾತಿಗೆ ನಕ್ಕಾಗ ಅಕ್ಕನೂ ನಗುತ್ತಾಳೆ, ನಮ್ಮ ಮುಖ ನೋಡಿಕೊಂಡು, ನಮಗಿಂತ ತುಸು ಹಿಂದೆ.

ಮೊನ್ನೆ ರಜೆಯ ದಿನ. ಅವಳು ಹೊಸ್ತಿಲಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಪಕ್ಕದ ಮನೆಯ ಹುಡುಗಿ ಅಂಗಳಕ್ಕೆ ಬಂದು ಅವಳನ್ನು ಏನೋ ಕೇಳಿದಳು, ಅಕ್ಕ ತಲೆಯೆತ್ತಲಿಲ್ಲ. ಅಕ್ಕನಿಗೆ ಬೆನ್ನು ಹಾಕಿ ಮಣ್ಣಲ್ಲಿ ಗೆರೆ ಎಳೆಯುತ್ತಿದ್ದ ಚೋಟ, ಎಳೆಯುವುದನ್ನು ನಿಲ್ಲಿಸದೆಯೇ ಆ ಹುಡುಗಿಗೆ ಏನೋ ಹೇಳಿದ. ಹುಡುಗಿ ಅಕ್ಕನ ಕಡೆ ನೋಡಿದ ರೀತಿಯಿಂದ ಅಕ್ಕನಿಗೆ ಗೊತ್ತಾಯಿತು, ಅದು ತನ್ನ ಬಗ್ಗೆಯೇ ಎಂದು.

“ಏನಂದ?” ಎಂದು ನನ್ನನ್ನು ಕೇಳಿದಳು.

ಫೋನಿನಲ್ಲಾಗಿದ್ದರೆ ನನಗೆ ಸುಳ್ಳು ಸಲೀಸು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನಮ್ಮಮ್ಮನಿಗೆ ಕಿವಿ ಕೇಳಲ್ಲ, ಮುಂದೆ ಹೋಗಿ ಮಾತಾಡು ಅಂದ ಎಂದೆ.

ಅವಳು ಮಡಿಸುತ್ತಿದ್ದ ಪುಟ್ಟ ಚಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಅಷ್ಟನ್ನೂ ಅಂದನಾ? ಎಲ್ಲೂ ತಡವರಿಸದೆ?”

“ಎಲ್ಲೂ ತಡವರಿಸಲಿಲ್ಲ.”

“ಇನ್ನೊಂದ್ಸಲ ಹೇಳು. ಅವನು ಅಂದ ಹಾಗೇ ಹೇಳು.”

ನಾನು ಅವಳ ಎದುರು ಕೂತು, ದನಿ ತೆಗೆಯದೆ, ತುಟಿ ಅಗಲಿಸಿ, ನಿಧಾನವಾಗಿ ಹೇಳಿದೆ. ಅವಳು ಕೊನೆಯ ಅಕ್ಷರದವರೆಗೂ ನೋಡಿದಳು.