ಸೂತಕದ ಮನೆಯ ಕಜ್ಜಾಯ

ಮಂಜು, ಸುಡಾನಿಗೆ ಬಂದ ಆ ಕಜ್ಜಾಯ ನಿನ್ನ ಅವ್ವ ಕರಿದದ್ದಲ್ಲ. ಅವರನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಕರಿದದ್ದು. ಸೂತಕ ಕಳೆಯುವವರೆಗೆ ಒಲೆ ಮೇಲೆ ಬಾಂಡ್ಲಿ ಇಡಬಾರದ ಮನೆಯಲ್ಲಿ — ಹಿತ್ತಲ ಕೊಟ್ಟಿಗೆಯಲ್ಲಿ ಕಲ್ಲು ಹೂಡಿ, ವಾಸನೆ ಆಚೆ ಹೋಗದಿರಲೆಂದು ಬಾಗಿಲು ಹಾಕಿಕೊಂಡು, ಕಳ್ಳಿಯ ಹಾಗೆ.

ಹಿಟ್ಟು ಮಾತ್ರ ಅತ್ತೆಯದೇ. ಶಾಂತಿಪಡೆಗೆ ಹೋದ ಮಗ ಅಲ್ಲಿನ ಊಟ ತಿಂದು ಸೊರಗಿದ್ದಾನೆಂದು ಪಾಕ ಹಿಡಿದು, ಕಲಸಿ, ಹದವಾಗಲೆಂದು ಇಟ್ಟಿದ್ದರು. ನನ್ನನ್ನು ಪಾಕದ ಹತ್ತಿರ ಬಿಟ್ಟುಕೊಂಡವರೇ ಅಲ್ಲ. "ನೀ ಮಾಡಿದ್ದು ಕಳ್ಸಿದ್ರೆ ನನ್ ಮಗ ಅದನ್ನೇ ಗುಂಡು ಅಂತ ಹೊಡೀತಾನೆ ಕಣೇ" ಎಂದು ನಗುತ್ತಿದ್ದರು. ಕರಿಯುವ ಮೊದಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

"ಅವನಿಗೆ ಈಗ್ಲೇ ಹೇಳ್ಬ್ಯಾಡಿ. ಕೈಲಿ ಬಂದೂಕ ಐತೆ, ಒಬ್ನೇ ಅವ್ನೆ. ಎರಡು ದಿನ ತಡೀರಿ" ಎಂದರು ನಿನ್ನ ಅಣ್ಣ. ಅಷ್ಟರಲ್ಲಿ ರಜೆ ಮುಗಿಸಿ ಸುಡಾನಿಗೆ, ನಿನ್ನ ತುಕಡಿಗೇ ವಾಪಸ್ ಹೊರಟಿದ್ದ ನಿನ್ನ ಅಜ್ಜಂಪುರದ ಗೆಳೆಯ ಫೋನ್ ಮಾಡಿದ. ಸಾವಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಕಡೂರಿನಲ್ಲಿ ರೈಲು ಹತ್ತುತ್ತೇನೆ, ಮಂಜನಿಗೆ ಕಜ್ಜಾಯ ಕೊಡುತ್ತೀರಾ ಎಂದ. ಇಲ್ಲ ಎನ್ನಬಹುದಿತ್ತು. ಅತ್ತೆಯ ಆಸೆ ತೀರಲೆಂದು ಕರಿದೆನೋ, ಹಿಟ್ಟು ಹಾಳಾಗುತ್ತದೆಂದೋ, ಅಥವಾ ನಮ್ಮ ಸುಳ್ಳಿಗೊಂದು ಆಧಾರ ಇರಲೆಂದೋ — ಎಷ್ಟು ಕೆದಕಿದರೂ ನನಗೇ ತಿಳಿಯುತ್ತಿಲ್ಲ. ಮಾತ್ರೆ ತರುವ ನೆಪ ಹೇಳಿ ಬಸ್ಸು ಹತ್ತಿ, ಸ್ಟೇಷನ್ನಿನಲ್ಲಿ ಅವನ ಕೈಗೆ ಡಬ್ಬಿ ಕೊಟ್ಟು ಬಂದೆ.

ಆಮೇಲೆ ನಿನ್ನ ಫೋನ್ ಬಂತು.

"ಅತ್ಗೇ, ಅವ್ವ ಫೋನಿಗೇ ಬರ್ತಿಲ್ವಲ್ಲ ಅಂತ ಭಯ ಆಗಿ ರಜ ಕೇಳಿದ್ದೆ. ಈಗ ಕಜ್ಜಾಯ ಬಂತು. ಬಾಂಡ್ಲಿ ಇಟ್ಟವ್ರೆ ಅಂದ್ಮೇಲೆ ಮನೇಲಿ ಕೆಟ್ಟದ್ದೇನೂ ಆಗಿಲ್ಲ ಅಂತ ರಜ ಬ್ಯಾಡ ಅಂದ್ಬಿಟ್ಟೆ."

"ಹೂಂ ಕಣಪ್ಪ, ಏನೂ ಆಗಿಲ್ಲ" ಎಂದೆ.

ತಿಥಿಗೆ ಇನ್ನೂ ದಿನಗಳಿದ್ದವು. ಬಾಯಿಬಿಟ್ಟು ಹೇಳಿದ್ದರೆ ನೀನು ಬಂದು ಅವ್ವನಿಗೆ ಎಡೆ ಇಡುತ್ತಿದ್ದೆ. ನೀನು ರಜೆ ಕೇಳಿದ್ದ ಸಂಗತಿಯನ್ನು ನಿನ್ನ ಅಣ್ಣನಿಗೂ ಹೇಳಲಿಲ್ಲ — ಯಾಕೆ? ಹೇಳಿದರೆ ಕೊಟ್ಟಿಗೆಯ ಒಲೆಯ ವಿಷಯ ಹೊರಬರುತ್ತಿತ್ತು, ಅದಕ್ಕೇ ಇರಬೇಕು. ಎರಡು ದಿನ ಅಂದಿದ್ದವರು ತಿಥಿ ಮುಗಿದ ಮೇಲೆ ನಿನಗೆ ಸುದ್ದಿ ಹೇಳಿ, ತಪ್ಪೆಲ್ಲ ತಮ್ಮದೆಂದು ಒಪ್ಪಿಕೊಂಡರು.

ನೀನು ಬಂದವನು ಅಣ್ಣನ ಜೊತೆ ಮಾತು ಬಿಟ್ಟೆ. ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ: "ನಮ್ಮಣ್ಣ ಮುಚ್ಚಿಟ್ಟ. ಅವ್ವ ಮಾತ್ರ ಹೋಗೋ ಮುಂಚೆ ನಂಗೇಂತ ಕರಿದಿಟ್ಟು ಹೋದ್ಲು." ನನ್ನ ಕೈಯ ಊಟವನ್ನು ಮಾತ್ರ ನೀನು ಬಿಡಲಿಲ್ಲ. ನಿನ್ನ ಅಣ್ಣ ಜಗಲಿಯಲ್ಲಿ ಒಬ್ಬರೇ ಕೂತು ಉಣ್ಣುತ್ತಾರೆ.

ಹಿಟ್ಟು ಅವರದು, ಕರಿದವಳು ನಾನು — ಅದನ್ನು ಅವ್ವನ ಕಜ್ಜಾಯ ಅನ್ನಬೇಕೋ ಬೇಡವೋ, ನೀನೇ ಯೋಚಿಸು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅಣ್ಣನನ್ನು ಮಾತಾಡಿಸು, ಮಂಜು. ಮಾತು ಬಿಡುವುದಾದರೆ ನನ್ನ ಜೊತೆ ಬಿಡು.