ಪಾರ್ವತಮ್ಮನ ತಟ್ಟೆ, ನಮ್ಮ ಮನೆ ಮುದ್ದೆ

ನನ್ನ ಮೊಮ್ಮಗಳು ಪಲ್ಲವಿಗೆ ರಕ್ತ ಏರಿದೆ ಕಣ್ರೀ! ಖೋ ಖೋ ಟೀಮಿಗೂ ಸೇರಿದ್ದಾಳೆ! ನಮ್ಮೂರು ಗಂಡಸಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿದೆ. ನಿಮಗೆ ಹೇಳದೆ ಬಿಡುತ್ತೇನೆಯೇ?

ಈ ಹುಡುಗಿ ಮಳೆಗಾಲದ ಹೊತ್ತಿಗೆ ಸ್ಕೂಲಿನಲ್ಲಿ ತಲೆ ಸುತ್ತಿ ಬಿದ್ದಿದ್ದಳು. ರಕ್ತ ಕಡಿಮೆ, ಏರುವ ತನಕ ಆಟ ಬೇಡ ಎಂದರು ಡಾಕ್ಟರು. ಮಗು ಗೋಡೆಗೆ ಮುಖ ಮಾಡಿ ಅತ್ತಿತು. ಅದೇ ವಾರ ಪಕ್ಕದ ಮನೆ ಪಾರ್ವತಮ್ಮನ ಮೊಮ್ಮಗಳು ಟೀಮಿಗೆ ಸೇರಿದಳು. ಪಾರ್ವತಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ನಾನೂ ಬಾಯಿಗೆ ಹಾಕಿಕೊಂಡೆ. ಒಂದಿಷ್ಟೂ ಸಿಹಿ ಅನ್ನಿಸಲಿಲ್ಲ.

ಮಾತ್ರೆ ನುಂಗಿದರೆ ಸಾಲದು, ಹೆಣ್ಣುಮಕ್ಕಳು ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವುದೂ ನಿಲ್ಲಬೇಕು ಎಂದಳು ನಮ್ಮ ಆಶಾ ಕಾರ್ಯಕರ್ತೆ. ಸರಿ, ಮಹಿಳಾ ಸಂಘದಲ್ಲಿ ಕಟ್ಟಳೆ ಮಾಡಿದೆವು. ಸಂಜೆ ಊಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು. ಕೂರುತ್ತಾರೋ ಇಲ್ಲವೋ ನೋಡಲು ಸಂಘದವಳೊಬ್ಬಳು ತನ್ನ ತಟ್ಟೆ ಹಿಡಿದು ಹೇಳದೆ ಬರುತ್ತಾಳೆ, ಜೊತೆಗೇ ಕೂತು ಉಣ್ಣುತ್ತಾಳೆ.

ನಮ್ಮ ಮನೆಗೆ ಬಂದವಳು ಯಾರು? ಪಾರ್ವತಮ್ಮನೇ!

ಆಗ ಮಗ ಮಂಜ ಒಬ್ಬನೇ ಉಣ್ಣುತ್ತಿದ್ದ. ಸೊಸೆ ಬಡಿಸುತ್ತಿದ್ದಳು, ಪಲ್ಲವಿ ನೀರು ಇಡುತ್ತಿದ್ದಳು.

"ಏನ್ ಗೌರಕ್ಕ, ನಿಮ್ ತಟ್ಟೆ ಎಲ್ಲೈತೆ?"

"ಅವ್ನು ಎದ್ಮೇಲೆ ಹೆಂಗಸ್ರೆಲ್ಲಾ ಒಟ್ಟಿಗೇ ಕೂತ್ಕತೀವಿ ಕಣೇ," ಎಂದೆ. (ಕಟ್ಟಳೆಯನ್ನು ನಾನು ತಿಳಿದುಕೊಂಡಿದ್ದೇ ಹಾಗೆ. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಇದನ್ನು ಯಾವ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ?)

ಪಾರ್ವತಮ್ಮ ನಕ್ಕಳು. "ನಮ್ಮನೇಲಿ ನಮ್ ಯಜಮಾನ್ರೇ ನಂಗೆ ಮುದ್ದೆ ಇಕ್ತಾರೆ ಕಣಕ್ಕ!"

ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ನಮ್ಮ ಯಜಮಾನರು ಇದ್ದಷ್ಟು ದಿನ ಒಂದು ಲೋಟ ಎತ್ತಿಟ್ಟವರಲ್ಲ.

ಮಾರನೇ ದಿನ ಪಾತ್ರೆಗಳನ್ನೆಲ್ಲ ನಡುಮನೆಗೆ ತಂದಿಟ್ಟೆ.

"ಲೋ ಮಂಜ, ಇವತ್ತಿಂದ ನೀನೇ ಇಕ್ಕಬೇಕು."

"ಇದು ಪಲ್ಲವಿ ರಕ್ತಕ್ಕೋ, ನಿನ್ ಜಿದ್ದಿಗೋ ಅವ್ವಾ?"

"ಎಲ್ಡಕ್ಕೂ ಕಣ್ಲಾ! ಮೊದ್ಲು ಮುದ್ದೆ ಇಕ್ಕು."

ಇಕ್ಕಿದ. ದಿನವೂ ಇಕ್ಕಿದ. ಸೊಪ್ಪಿನ ಸಾರು ಮೊದಲು ಬೀಳುತ್ತಿದ್ದುದು ಪಲ್ಲವಿಯ ತಟ್ಟೆಗೆ, ಮೇಲಿನ ನೀರಲ್ಲ, ಗಟ್ಟಿ ಸೊಪ್ಪು. ಮಾತ್ರೆಯೂ ತಪ್ಪಲಿಲ್ಲ. ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದೆವು. "ಇನ್ನು ಓಡಮ್ಮ" ಎಂದರು ಡಾಕ್ಟರು! ಸ್ಕೂಲಿನವರೂ ಟೀಮಿಗೆ ಸೇರಿಸಿಕೊಂಡರು. ಸಕ್ಕರೆಯನ್ನು ಮೊದಲು ಪಾರ್ವತಮ್ಮನ ಮನೆಗೇ ಒಯ್ದೆ. ಅವಳು ಕೊಟ್ಟಿದ್ದಕ್ಕಿಂತ ಒಂದು ಹಿಡಿ ಹೆಚ್ಚಾಗಿಯೇ ಸುರಿದೆ.

ಅವತ್ತು ಸಂಜೆ ಎಲ್ಲರೂ ಸುತ್ತ ಕೂತೆವು. ಪಲ್ಲವಿ ಬಾಯಿ ತುಂಬ ಉಣ್ಣುತ್ತ ಆಟದ ಕತೆ ಹೇಳುತ್ತಿದ್ದಳು. ಸೊಸೆ ನಗುತ್ತಿದ್ದಳು. ಮಂಜ ನನ್ನ ತಟ್ಟೆಗೆ ಮುದ್ದೆ ಇಟ್ಟ. ಹಬೆ ಮುಖಕ್ಕೆ ಬಡಿಯಿತು, ಬೆರಳು ಚುರ್ ಎಂದಿತು. ಸಂತೋಷಕ್ಕೆ ಕಣ್ಣು ತುಂಬಿತ್ತು ನಿಜ. ಆದರೂ ಹೊಟ್ಟೆಕಿಚ್ಚು ಬಿಡಬೇಕಲ್ಲ!

ಅಲ್ಲಾ, ಈ ಗಂಡಸರು ಹುಟ್ಟಿದಾಗಿನಿಂದ ದಿನಾ ಇಷ್ಟು ಬಿಸಿ ಮುದ್ದೆ ಉಣ್ಣುತ್ತಿದ್ದರೇ?