ರಾಣಿಯ ಸ್ವರ ಮತ್ತು ಕಾಳುಮೆಣಸಿನ ಕಷಾಯ

ನಮ್ಮ ಸಂಗೀತ ನಾಟಕದ ಎರಡನೆಯ ಅಂಕದ ಕೊನೆಯಲ್ಲಿ ರಾಣಿ ಸಿಟ್ಟಿನಿಂದ ಎದ್ದು, ಸ್ವರವೊಂದನ್ನು ಮೇಲಕ್ಕೆಸೆದು, ಅಲ್ಲಿಯೇ ಹಿಡಿದು ನಿಲ್ಲಬೇಕು. ಎಷ್ಟೋ ವರ್ಷದಿಂದ ಆ ರಾಣಿ ನಾನೇ. ವಯಸ್ಸು ಅರವತ್ತರ ಹತ್ತಿರ ಬಂದಾಗ ಸಿಟ್ಟೇನೋ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಪುತ್ತೂರಿನ ಪ್ರದರ್ಶನದಲ್ಲಿ ಅದು ಅರ್ಧ ದಾರಿಯಲ್ಲೇ ಒಡೆಯಿತು. ಮುಂದಿನ ಸಾಲಿನಲ್ಲಿದ್ದ ಮಗುವೊಂದು ಹೆದರಿ ಅತ್ತಿತು.

ನಮ್ಮ ನಿರ್ದೇಶಕರು ನನಗಿಂತ ಚಿಕ್ಕವರು, ಬೈಯಲು ಬಾರದವರು. ಸುಳ್ಯದ ಮುಂದಿನ ಪ್ರದರ್ಶನದಲ್ಲೂ ಹೀಗಾದರೆ ನನಗೆ ರಾಜಮಾತೆಯ ಪಾತ್ರ ಕೊಡುವುದಾಗಿ ಬಹಳ ಮರ್ಯಾದೆಯಿಂದ ಹೇಳಿದರು. ರಾಜಮಾತೆಗೆ ಹಾಡಿಲ್ಲ. ಮೊದಲ ಅಂಕದಲ್ಲೇ ಸಾಯುತ್ತಾಳೆ. ಆಮೇಲೆ ಪರದೆಯ ಹಿಂದೆ ನಿಂತು ಉಳಿದವರ ಸೀರೆಗೆ ಪಿನ್ನು ಹಾಕಬೇಕು.

ನಾಟಕಕ್ಕೆ ಪಿಯಾನೊ ನುಡಿಸುತ್ತಿದ್ದವಳು ನನ್ನ ಶಿಷ್ಯೆ. ಮಕ್ಕಳ ಮದುವೆಯೆಲ್ಲ ಮುಗಿಸಿ ಕಲಿಯಲು ಶುರು ಮಾಡಿದ ಹೆಂಗಸು, ಬೆಟ್ಟಂಪಾಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನನ್ನ ಮನೆಯಲ್ಲಿರುವುದು ಹಳೆಯ ಮರದ ಪಿಯಾನೊ. ನಾಟಕಕ್ಕೆ ಹೊತ್ತೊಯ್ಯುವುದು ಕರೆಂಟಿನದು. ಅದರಲ್ಲೊಂದು ಗುಂಡಿ ಇದೆ. ಒತ್ತಿದರೆ ನುಡಿಸುವ ಬೆರಳು ಇದ್ದಲ್ಲೇ ಇರುತ್ತದೆ, ಶ್ರುತಿ ಮಾತ್ರ ಮೆಟ್ಟಿಲಿಳಿದಂತೆ ಒಂದು ಮನೆ, ಎರಡು ಮನೆ ಎಂದು ಬೇಕಾದಷ್ಟು ಕೆಳಗಿಳಿಯುತ್ತದೆ. ಅದು ಸೋಮಾರಿಗಳ ಗುಂಡಿ, ಮುಟ್ಟಿದರೆ ಕೈಗೆ ಬಾರಿಸುತ್ತೇನೆ ಎಂದು ಅವಳಿಗೆ ಮೊದಲ ಪಾಠದಲ್ಲೇ ಹೇಳಿದ್ದೆ.

ಸುಳ್ಯಕ್ಕೆ ಹೋಗುವ ಮೊದಲು ವಾರವಿಡೀ ಅಜ್ಜಿಯ ಕಾಲದ ಕಷಾಯ ಕುಡಿದೆ: ಕಾಳುಮೆಣಸು, ಶುಂಠಿ, ಜೀರಿಗೆ, ಬೆಲ್ಲ. ಅಂದು ರಾಣಿಗೆ ಸಿಟ್ಟೂ ಬಂತು, ಸ್ವರವೂ ಬಂತು. ಬಂದದ್ದು ಸಾಲದೆಂಬಂತೆ ನಿಂತೇ ನಿಂತಿತು. ನಿರ್ದೇಶಕರು ಕೈಮುಗಿದರು. ತಬಲಾದವರು ಕಷಾಯಕ್ಕೆ ಏನೇನು ಹಾಕಿದಿರಿ ಎಂದು ವಿನಯದಿಂದ ವಿಚಾರಿಸಿದರು. ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಬಸ್ಸಿನ ಕಂಡಕ್ಟರನಿಗೂ ಹೇಳಿದೆ.

ಮರುದಿನ ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿ, ಶಿಷ್ಯೆಗೆ ಮರದ ಪಿಯಾನೊದಲ್ಲಿ ಆ ಹಾಡು ನುಡಿಸಲು ಹೇಳಿದೆ. ಇವತ್ತು ಗಂಟಲಿಗೆ ರಜೆ ಕೊಡಿ ಎಂದು ಅವಳು ಎರಡು ಸಲ ಬೇಡಿಕೊಂಡಳು. ಕೇಳುವವರು ಯಾರು? ಸ್ವರಕ್ಕೆ ಹಾರಿದೆ. ಪುತ್ತೂರಿನಲ್ಲಿ ಒಡೆದ ಜಾಗದಲ್ಲೇ ಸರಿಯಾಗಿ ಒಡೆಯಿತು. ಪಕ್ಕದ ಮನೆಯಾಕೆ ಒಲೆಯ ಮೇಲೆ ಹಾಲಿಟ್ಟು ಬಂದೆ ಎಂದು ಎದ್ದು ಹೋದಳು. ಶಿಷ್ಯೆ ತಲೆ ತಗ್ಗಿಸಿದ್ದಳು, ಭುಜ ಕುಲುಕುತ್ತಿತ್ತು.

"ಎಂತ ನಗುದು?" ಎಂದೆ.

"ಈ ಪಿಯಾನೊಕ್ಕೆ ಗುಂಡಿ ಇಲ್ಲ ಅಲ್ವಾ ಅಕ್ಕ," ಎಂದಳು. "ಸುಳ್ಯದಲ್ಲಿ ಎರಡು ಮನೆ ಇಳಿಸಿದ್ದೆ. ನೀವು ರಾಜಮಾತೆ ಆಗಿ ಸಾಯುದು ನಂಗೆ ನೋಡ್ಲಿಕ್ಕೆ ಆಗುದಿಲ್ಲ."

ತಬಲಾದವರಿಗೂ ಮೊದಲೇ ಹೇಳಿ, ಸುತ್ತಿಗೆಯಿಂದ ತಟ್ಟಿ ತಬಲಾದ ಶ್ರುತಿಯನ್ನೂ ಇಳಿಸಿಡಿಸಿದ್ದಳಂತೆ. ಹಾಗಾದರೆ ಆ ಮನುಷ್ಯ ಎಲ್ಲ ಗೊತ್ತಿದ್ದೇ ಕಷಾಯದ ವಿಚಾರಣೆ ಮಾಡಿದ್ದು. ಶಿಷ್ಯೆಯನ್ನು ಬೈಯಲು ಬಾಯಿ ತೆರೆದೆ. ಮುಂದಿನ ವಾರ ಕಡಬದಲ್ಲಿ ನಾಟಕ ಇದೆಯೆಂಬುದು ನೆನಪಾಗಿ ಮುಚ್ಚಿದೆ.

ಕಡಬಕ್ಕೆ ದೊಡ್ಡ ಫ್ಲಾಸ್ಕಿನ ತುಂಬ ಕಷಾಯ ಒಯ್ದೆ. ಕಾಳುಮೆಣಸು ಧಾರಾಳವಾಗಿ ಹಾಕಿದ್ದೆ, ಬೆಲ್ಲ ಹಾಕಲು ಮರೆತಿದ್ದೆ ಎಂದಿಟ್ಟುಕೊಳ್ಳಿ. ತಬಲಾದವರಿಗೆ ಬೇಡವೆನ್ನುವ ದಾರಿಯಿರಲಿಲ್ಲ. ಗೋಡೆ ನೋಡುತ್ತ ಲೋಟ ಖಾಲಿ ಮಾಡಿದರು. ಇನ್ನೊಂದು ಲೋಟ ಬಗ್ಗಿಸಿದೆ. ಅಷ್ಟರಲ್ಲಿ ನಿರ್ದೇಶಕರು ಬಂದು ತಮಗೂ ಇರಲಿ ಎಂದು ಕೈಚಾಚಿದರು. ಗುಂಡಿಯ ವಿಷಯ ಇವರ ಕಿವಿಗೆ ಬಿದ್ದರೆ ಕಿರೀಟ ಹೋಯಿತೆಂದೇ ಲೆಕ್ಕ.

ಒಂದು ಗುಟುಕಿಗೆ ಅವರ ಕಣ್ಣು ಮೂಗು ಎರಡರಲ್ಲೂ ನೀರು ಹರಿಯಿತು. ಶಾಲಿನಿಂದ ಮುಖ ಒರೆಸಿಕೊಂಡು, ಲೋಟವನ್ನು ಮೆಲ್ಲಗೆ ನನ್ನ ಕಡೆ ದೂಡಿದರು.

"ಬೇಕಾದ್ರೆ ಇನ್ನೊಂದು ಮನೆ ಇಳಿಸಿ ಮಾರಾಯ್ರೆ. ಕಷಾಯ ಮಾತ್ರ ಬೇಡ."

ಶಿಷ್ಯೆ ನನ್ನ ಮುಖ ನೋಡದೆ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ನಾನು ಕಿರೀಟ ಸರಿಮಾಡಿಕೊಂಡು ಅವಳಿಗೆ ಮೂರು ಬೆರಳು ತೋರಿಸಿದೆ. ತಬಲಾದವರು ನಿಟ್ಟುಸಿರು ಬಿಟ್ಟು ಸುತ್ತಿಗೆ ಎತ್ತಿಕೊಂಡರು.